ಮಂಗಲಾ ಟೀಚರ್ ಮತ್ತು ಡಿಸ್ಕಿಲ್ಲದ ಎಂಟು ಮಷಿನ್‌ಗಳು

ಭಟ್ಕಳದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬಳೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮಂಗಲಾ ನಾಯ್ಕರ ಟೈಪಿಂಗ್ ಕ್ಲಾಸು. ಬೆಳಿಗ್ಗೆ ಏಳೂವರೆಗೆ ಮೊದಲ ಬ್ಯಾಚು ಶುರುವಾಯಿತೆಂದರೆ ಕೆಳಗಿನ ಅಂಗಡಿಯಲ್ಲಿ ತೂಗುಹಾಕಿದ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಅಂಗಡಿಯವನು ಮೊದಮೊದಲು ಜಗಳಕ್ಕೆ ಬಂದಿದ್ದ. ಆಮೇಲೆ ಅವನ ಮಗಳೇ ಮೇಲೆ ಬಂದು ಕಲಿತು, ಜೂನಿಯರ್ ಪರೀಕ್ಷೆ ಪಾಸಾಗಿ, ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಹಿಡಿದ ಮೇಲೆ ಸುಮ್ಮನಾದ.

ಮಂಗಲಾ ಮುಟ್ಟಳ್ಳಿಯವರು. ಅಪ್ಪನಿಗೆ ಸ್ವಲ್ಪ ಗದ್ದೆ, ಹತ್ತು ಹನ್ನೆರಡು ತೆಂಗಿನಮರ. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಅವರು ಮನೆಯಲ್ಲಿ ಹಟ ಹಿಡಿದು ಪೇಟೆಗೆ ನಡೆದುಕೊಂಡೇ ಬಂದು ಟೈಪಿಂಗ್ ಕಲಿತರು. ಮದುವೆಯಾದ ಮರುವರ್ಷ, ಗಂಡ ಶಾಂತಾರಾಮರು ಹೊನ್ನಾವರದ ಅಂಚೆ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರಲು ಶುರುಮಾಡಿದಾಗ, ಎರಡು ಹಳೇ ರೆಮಿಂಗ್ಟನ್ ಮಷಿನ್ ಇಟ್ಟುಕೊಂಡು ಕ್ಲಾಸು ತೆರೆದರು. ಅದು ೧೯೮೧. ಎರಡು ಹೋಗಿ ಹನ್ನೊಂದಾದವು. ಬೆರಳು ಇಡುವ ರೀತಿ ತಪ್ಪಿದರೆ ಅವರು ಬೈಯುತ್ತಿರಲಿಲ್ಲ. ಹಿಂದೆ ಬಂದು ನಿಂತು, ಮರದ ಸ್ಕೇಲಿನಿಂದ ಬೆನ್ನನ್ನು ಮೆಲ್ಲಗೆ ಮುಟ್ಟುತ್ತಿದ್ದರು. ಹುಡುಗಿ ನೆಟ್ಟಗೆ ಕೂತರೆ ಬೆರಳು ತಾನಾಗಿ ಸರಿಹೋಗುತ್ತದೆ ಎಂಬುದು ಅವರ ನಂಬಿಕೆ. ಈಗಲೂ ಅವರು ಏನಾದರೂ ಕೆಲಸಕ್ಕೆಂದು ಸರಕಾರಿ ಕಚೇರಿಗೆ ಕಾಲಿಟ್ಟರೆ, ಕೂತಿರುವ ಗುಮಾಸ್ತರಲ್ಲಿ ಮೂರ್ನಾಲ್ಕು ಮಂದಿ ತಮಗೇ ಗೊತ್ತಾಗದಂತೆ ಬೆನ್ನು ನೆಟ್ಟಗೆ ಮಾಡುತ್ತಾರೆ.

೨೦೦೩ರ ಹೊತ್ತಿಗೆ ಹನ್ನೊಂದು ಮಷಿನ್‌ಗಳಲ್ಲಿ ಆರರ ಮೇಲೆ ಬಟ್ಟೆ ಮುಚ್ಚಿಯೇ ಇರುತ್ತಿತ್ತು. ಪೇಟೆಯಲ್ಲಿ ಗಾಜಿನ ಬಾಗಿಲಿನ ಕಂಪ್ಯೂಟರ್ ಸೆಂಟರ್ ಬಂದಿತ್ತು. ತೆಂಗಿನಗುಂಡಿಯಿಂದ ಬರುವ ಗಂಗಾ ಎಂಬ ಹುಡುಗಿ ಒಂದು ದಿನ ಹೆದರುತ್ತಲೇ ಕೇಳಿದಳು. ಅವಳ ಅಪ್ಪ ದೋಣಿಯಲ್ಲಿ ದುಡಿಯುವವನು, ಟೈಪಿಂಗಿಗೆ ಕಳಿಸಿದ್ದೇ ದೊಡ್ಡದು.

"ಟೀಚರ್, ನೀವು ಕಂಪ್ಯೂಟರ್ ಕಲಿಸೂದಿಲ್ವಾ? ಆ ಸೆಂಟರಿಗೆ ಹೋಪಕ್ಕೆ ನಮ್ಮನೇಲಿ ಬಿಡೂದಿಲ್ಲ. ನಿಮ್ಮಲ್ಲಾದ್ರೆ ಬಿಡ್ತ್ರು."

ಆ ಮಾತು ಮಂಗಲಾರ ತಲೆಯಲ್ಲಿ ಕೂತಿತು.

ಕುಮಟಾದ ಒಂದು ಸಹಕಾರಿ ಸಂಘದಲ್ಲಿ ಮ್ಯಾನೇಜರ್ ಆಗಿದ್ದ ನಿತ್ಯಾನಂದ ಅವರ ಹಳೇ ಶಿಷ್ಯ. ಸಂಘಕ್ಕೆ ಹೊಸ ಕಂಪ್ಯೂಟರ್ ಬಂದಿವೆ, ಹಳೆಯವು ಗೋಡೌನಿನಲ್ಲಿ ಬಿದ್ದಿವೆ ಎಂದು ಯಾರದೋ ಬಾಯಿಂದ ತಿಳಿದು ಅವರು ಅವನಿಗೆ ಫೋನು ಮಾಡಿದರು. ಟೀಚರ್ ಇಷ್ಟು ವರ್ಷದಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಿತ್ಯಾನಂದ ಆಡಳಿತ ಮಂಡಳಿಯವರನ್ನು ಒಪ್ಪಿಸಿ, ಹದಿನೈದೇ ದಿನದಲ್ಲಿ ಎಂಟು ಮಷಿನ್‌ಗಳನ್ನು ಗೋಣಿಚೀಲ ಸುತ್ತಿ ಟೆಂಪೋದಲ್ಲಿ ಕಳಿಸಿಕೊಟ್ಟ. ಮೆಟ್ಟಿಲು ಕಿರಿದು, ಹೊತ್ತು ತಂದ ಹಮಾಲರು ಚೌಡ ಮತ್ತು ಶನಿಯಾರ ಒಂದೊಂದು ಮಾನಿಟರನ್ನೂ ಎಳೆಗೂಸಿನ ಹಾಗೆ ಎದೆಗವಚಿಕೊಂಡು ಓರೆಯಾಗಿ ಹತ್ತಬೇಕಾಯಿತು. ಮಂಗಲಾ ಅಷ್ಟರಲ್ಲಾಗಲೇ ಬಾಗಿಲಿಗೆ 'ಇಲ್ಲಿ ಕಂಪ್ಯೂಟರ್ ಕಲಿಸಲಾಗುವುದು' ಎಂದು ಟೈಪು ಮಾಡಿ ಅಂಟಿಸಿದ್ದರು.

ಎಲ್ಲ ಜೋಡಿಸಿ ಮೊದಲನೆಯದರ ಸ್ವಿಚ್ ಒತ್ತಿದರು. ಒಳಗೆ ಫ್ಯಾನು ತಿರುಗಿತು, ಒಂದು ಸಲ ಪೀಂ ಅಂದಿತು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು: ಶುರುಮಾಡಲು ಡಿಸ್ಕ್ ಸಿಗಲಿಲ್ಲ. ಎರಡನೆಯದೂ ಅದನ್ನೇ ಹೇಳಿತು. ಎಂಟೂ ಅದನ್ನೇ ಹೇಳಿದವು.

ನಿತ್ಯಾನಂದನಿಗೆ ಫೋನು ಹೋಯಿತು. ಅವನು ವಿಚಾರಿಸಿ ಅರ್ಧ ಗಂಟೆಯಲ್ಲಿ ತಿರುಗಿ ಮಾಡಿದ. ದನಿ ಸಣ್ಣಗಾಗಿತ್ತು.

"ಟೀಚರ್, ತಪ್ಪಾಗಿ ಹೋತು. ಸದಸ್ಯರ ಲೆಕ್ಕಪತ್ರ ಹೊರಗೆ ಹೋಗ್ಬಾರ್ದು ಹೇಳಿ ಹಾರ್ಡ್ ಡಿಸ್ಕ್ ಎಲ್ಲಾ ಬಿಚ್ಚಿ ಒಡೆದು ಹಾಕಿದ್ರಂತೆ. ನಂಗೆ ಯಾರೂ ಹೇಳ್ಲಿಲ್ಲ. ವಾಪಸ್ ತರಿಸ್ಲಾ?"

"ಬೇಡ ಬಿಡು. ಮಷಿನ್ ಕೊಟ್ಟಿದ್ದೀಯಲ, ಅದೇ ಸಾಕು," ಎಂದರು ಮಂಗಲಾ. ಫೋನಿಟ್ಟ ಮೇಲೆ ಹೋಗಿ ಬಾಗಿಲಿನ ಕಾಗದವನ್ನು ತೆಗೆದು ಮಡಚಿ ಡ್ರಾಯರಿನಲ್ಲಿ ಹಾಕಿದರು.

ರಿಪೇರಿಯವರನ್ನು ಕೇಳಿದರೆ, ಎಂಟಕ್ಕೂ ಹೊಸ ಡಿಸ್ಕ್ ಹಾಕಬೇಕು, ಅದಕ್ಕಿಂತ ಇವನ್ನು ಗುಜರಿಗೆ ಕೊಡುವುದು ಮೇಲು ಎಂದರು. ಎರಡು ತಿಂಗಳು ಆ ಎಂಟು ಮಷಿನ್‌ಗಳು ಗೋಡೆಗೆ ಒರಗಿ ಕೂತವು. ಮಂಗಲಾ ದಿನಾ ಬೆಳಿಗ್ಗೆ ಟೈಪ್‌ರೈಟರುಗಳ ಧೂಳು ಹೊಡೆಯುವಾಗ ಅವುಗಳದ್ದೂ ಹೊಡೆಯುತ್ತಿದ್ದರು.

ಯಾಹ್ಯಾ ಅಲ್ಲಿಗೆ ಬಂದದ್ದು ಇಂಗ್ಲಿಷಿನಲ್ಲಿ ಒಂದು ಅರ್ಜಿ ಟೈಪು ಮಾಡಿಸಲು. ಜಾಲಿಯವನು, ನವಾಯತ ಮುಸ್ಲಿಮ, ಮೂವತ್ತೆಂಟರ ಆಸುಪಾಸು. ಶಾರ್ಜಾದಲ್ಲಿ ಹಡಗು ಸಾಮಾನಿನ ಆಫೀಸೊಂದರಲ್ಲಿ ಒಂಬತ್ತು ವರ್ಷ ಕಂಪ್ಯೂಟರುಗಳ ಕೇಬಲು, ಕಾರ್ಡು ನೋಡಿಕೊಳ್ಳುತ್ತಿದ್ದವನು, ತಂದೆಗೆ ಪಾರ್ಶ್ವವಾಯು ಬಡಿದಾಗ ಊರಿಗೆ ಬಂದು ಜಾಲಿ ರಸ್ತೆಯಲ್ಲಿ ಸಣ್ಣ ರಿಪೇರಿ ಅಂಗಡಿ ಹಾಕಿಕೊಂಡಿದ್ದ. ಮಂಗಲಾ ಟೈಪು ಮಾಡುವುದನ್ನು ಅವನು ಬೆರಗಿನಿಂದ ನೋಡುತ್ತ ನಿಂತ. ಅವನಿಗೆ ಎರಡೇ ಬೆರಳು ಬರುತ್ತಿದ್ದವು, ಅವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಾಗದ ತೆಗೆದುಕೊಂಡು ತಿರುಗಿದಾಗ ಗೋಡೆಯ ಬದಿಯ ಮಷಿನ್‌ಗಳು ಕಂಡವು.

"ಇವೆಂತ ಟೀಚರ್?"

"ಡಿಸ್ಕ್ ಇಲ್ಲ. ಹಾಗಾಗಿ ಸುಮ್ನೆ ಕೂತಿದಾವೆ."

ಯಾಹ್ಯಾ ಒಂದರ ಹಿಂಬದಿ ಬಗ್ಗಿ ನೋಡಿದ. "ನೆಟ್‌ವರ್ಕ್ ಕಾರ್ಡ್ ಉಂಟಲ್ಲ. ಮತ್ತೆ ಡಿಸ್ಕ್ ಎಂತಕ್ಕೆ?"

ಮಂಗಲಾ ಕೈಯಲ್ಲಿದ್ದ ಕಾರ್ಬನ್ ಪೇಪರನ್ನು ಕೆಳಗಿಟ್ಟರು. ಅವನು ಸ್ಟೂಲು ಎಳೆದುಕೊಂಡು ಕೂತು ಹೇಳಿದ. ಶಾರ್ಜಾದ ಆಫೀಸಿನಲ್ಲಿ ಒಳಗಿನ ಕೋಣೆಯಲ್ಲಿ ಒಂದು ದೊಡ್ಡ ಮಷಿನ್ ಇತ್ತು, ಅದು ಸರ್ವರ್. ಹೊರಗೆ ನಲವತ್ತು ಮಂದಿ ಕೂತಿದ್ದ ಮಷಿನ್‌ಗಳಲ್ಲಿ ಒಂದಕ್ಕೂ ಡಿಸ್ಕ್ ಇರಲಿಲ್ಲ. ಪ್ರತಿ ಕಾರ್ಡಿಗೂ ಅದು ತಯಾರಾಗುವಾಗಲೇ ಒಂದು ನಂಬರು ಕೊಟ್ಟಿರುತ್ತಾರೆ. ಸ್ವಿಚ್ ಹಾಕಿದ ಕೂಡಲೇ ಮಷಿನ್ ಕೇಬಲಿನಲ್ಲಿ ಕೂಗುತ್ತದೆ: ನನ್ನ ನಂಬರು ಇಂಥದ್ದು, ನಾನು ಯಾರು, ನನ್ನ ಸಾಮಾನು ಎಲ್ಲಿದೆ? ಸರ್ವರ್ ತನ್ನ ಪಟ್ಟಿ ನೋಡಿ, ನಿನ್ನ ವಿಳಾಸ ಇದು, ಈ ಫೈಲು ತೆಗೆದುಕೋ, ಇದರಿಂದ ಎದ್ದೇಳು ಎನ್ನುತ್ತದೆ. ಅಷ್ಟೇ.

"ಹಾಜರಿ ಕರೆದ ಹಾಗೆ," ಎಂದರು ಮಂಗಲಾ.

"ಉಲ್ಟಾ ಹಾಜರಿ. ಇಲ್ಲಿ ಮಕ್ಕಳೇ ಮೊದ್ಲು ಕೂಗೂದು. ಹೌದು ನೀನಿದ್ದೀ ಹೇಳೂದು ಟೀಚರ್."

"ನಿಮ್ಗೆ ಮಾಡೂಕೆ ಬರ್ತದಾ ಯಾಹ್ಯಾಭಾಯಿ?"

ಯಾಹ್ಯಾ ಸುಳ್ಳು ಹೇಳಲಿಲ್ಲ. "ಕೇಬಲ್ ಎಳೆದದ್ದು, ಕಾರ್ಡ್ ಹಾಕಿದ್ದು ನಾನು. ಸರ್ವರಿನ ಒಳಗೆ ಬರೀತಿದ್ದದ್ದು ಬೇರೆಯವ್ರು. ಆದ್ರೆ ಲಿನಕ್ಸ್ ಹೇಳಿ ಒಂದುಂಟು, ಪುಕ್ಕಟೆ. ಮ್ಯಾಗಜಿನ್ ಸಂಗಡ ಸಿಡಿ ಬಂದದ್ದು ನನ್ನ ಹತ್ರ ಇದೆ. ಅದ್ರಲ್ಲಿ ಇದನ್ನ ಹೇಗೆ ಮಾಡೂದು ಹೇಳಿ ಬರೆದಿದಾರೆ. ಸಾಲಿಗೆ ಸಾಲು, ಅಕ್ಷರಕ್ಕೆ ಅಕ್ಷರ ಸರಿ ಬರೀಬೇಕು. ಒಂದು ಚುಕ್ಕೆ ಹೆಚ್ಚುಕಮ್ಮಿ ಆದ್ರೂ ಮುಗೀತು. ನಂಗೆ ಅದಾಗೂದಿಲ್ಲ."

"ಅದು ನಂಗಾಗ್ತದೆ," ಎಂದರು ಮಂಗಲಾ.

ಹಾಗೆ ಇಬ್ಬರೂ ಕೂಡಿಕೊಂಡರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕ್ಲಾಸಿರುತ್ತಿರಲಿಲ್ಲ. ನಮಾಜು, ಊಟ ಮುಗಿಸಿ ಯಾಹ್ಯಾ ಬರುತ್ತಿದ್ದ. ಅಂಗಡಿಯಲ್ಲಿ ಅಲ್ಲಿ ಇಲ್ಲಿ ಉಳಿದ ಸಾಮಾನುಗಳಿಂದ ಅವನು ಒಂದು ಗಟ್ಟಿ ಮಷಿನ್ ಕಟ್ಟಿದ. ದೊಡ್ಡ ಡಿಸ್ಕ್ ಒಂದೇ, ಅದರೊಳಗೆ. ಮೂಲೆಯ ಕಬ್ಬಿಣದ ಕಪಾಟಿನ ಪಕ್ಕ ಅದನ್ನಿಟ್ಟು, ಅಲ್ಲಿಂದ ಗೋಡೆಗುಂಟ ಎಂಟು ಕೇಬಲು ಎಳೆದ. ಸಿಡಿಯಲ್ಲಿದ್ದ ಕೈಪಿಡಿಯನ್ನು ಸೈಬರ್ ಕೆಫೆಯಲ್ಲಿ ಪ್ರಿಂಟು ಹಾಕಿಸಿದರೆ ನಲವತ್ತಾರು ಪುಟವಾಯಿತು. ಅದನ್ನು ಅವನು ಓದಿ ಅರ್ಥ ಹೇಳುತ್ತಿದ್ದ. ಅವನು ಹೇಳಿದ್ದನ್ನೆಲ್ಲ ಮಂಗಲಾ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಬರೆಯುವಾಗ ಆರಿಸುವ ಅಭ್ಯಾಸ ಅವರಿಗಿರಲಿಲ್ಲ. ಬಾಯಿಂದ ಬಿದ್ದ ಪ್ರತಿ ಮಾತೂ ಕಾಗದಕ್ಕೆ ಹೋಗಬೇಕೆಂದೇ ಕಲಿತವರು, ಕಲಿಸಿದವರು. ಆಮೇಲೆ ಕೈಪಿಡಿಯನ್ನು ಎಡಕ್ಕಿಟ್ಟುಕೊಂಡು, ಕೀಬೋರ್ಡಿನ ಕಡೆ ನೋಡದೆ, ಸರ್ವರಿಗೆ ಬೇಕಾದ ಪಟ್ಟಿಯನ್ನು ಟೈಪು ಮಾಡಿದರು. ಯಾಹ್ಯಾ ಒಂದು ವಾರ ಕೂತರೂ ಮುಗಿಯದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

"ಸುಬ್‌ಹಾನಲ್ಲಾ," ಎಂದ ಯಾಹ್ಯಾ. ಸರ್ವರಿಗೆ ಓದಲು ಹೇಳಿದರು.

ಸರ್ವರ್ ಓದಿತು. ಏಳನೆಯ ಸಾಲಿನಲ್ಲಿ ತಪ್ಪಿದೆ ಎಂದಿತು.

ಮಂಗಲಾರಿಗೆ ಕೆನ್ನೆಗೆ ಹೊಡೆದಂತಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅವರ ಕಾಗದದ ಮೇಲೆ ಯಾರೂ ಕೆಂಪು ಗೆರೆ ಹಾಕಿರಲಿಲ್ಲ. ಕನ್ನಡಕ ಒರೆಸಿಕೊಂಡು ಏಳನೆಯ ಸಾಲನ್ನು ಕೈಪಿಡಿಯ ಜೊತೆ ಹೋಲಿಸಿದರು. ಅದೊಂದು ವಿಳಾಸದ ಸಾಲು, ಬರೀ ಅಂಕಿ ಮತ್ತು ಚುಕ್ಕೆ. ಅವರು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು, ಯಾಹ್ಯಾ ಕೈಪಿಡಿಯ ಮೇಲೆ ಬೆರಳಿಟ್ಟು ನೋಡಿದ. ಒಂದು, ಒಂಬತ್ತು, ಎರಡು, ಚುಕ್ಕೆ. ಎಲ್ಲ ಸರಿಯಿತ್ತು. ಮತ್ತೆ ಓದಿಸಿದರು. ಏಳನೆಯ ಸಾಲಿನಲ್ಲಿ ತಪ್ಪು.

"ನಾನೇ ಎಲ್ಲೋ ತಪ್ಪು ಮಾಡಿದೆ," ಎಂದರು ಮಂಗಲಾ.

"ನಿಮ್ಮ ಟೈಪಿಂಗಲ್ಲಿ ತಪ್ಪು ಬರೂದುಂಟಾ ಟೀಚರ್? ಅದಾಗೂದೇ ಅಲ್ಲ. ಸಿಡಿಯದೇ ಎಂತದೋ ಇರ್ಬೇಕು, ಇಲ್ದಿದ್ರೆ ಕಾರ್ಡು."

ಆ ನಂಬಿಕೆಯಿಂದ ಅವರಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಕಷ್ಟವಾಯಿತು. ಯಾಹ್ಯಾ ಮೂರು ದಿನ ಕಾರ್ಡು ಬದಲಿಸಿದ, ಕೇಬಲು ಕತ್ತರಿಸಿ ಹೊಸ ತುದಿ ಹಾಕಿದ, ಸಿಡಿಯನ್ನು ಅಂಗಿಯ ಚುಂಗಿನಲ್ಲಿ ಒರೆಸಿ ಎಲ್ಲವನ್ನೂ ಮೊದಲಿಂದ ಹಾಕಿದ. ಮಂಗಲಾ ಪಟ್ಟಿಯನ್ನು ಮೊದಲಿಂದ ಟೈಪು ಮಾಡಿದರು. ಅದೇ ಸಾಲು, ಅದೇ ತಪ್ಪು. ಮನೆಯಲ್ಲಿ ಊಟಕ್ಕೆ ಕೂತಾಗ ಶಾಂತಾರಾಮರು ಕೇಳಿದರು, "ಎಂತ ಆತೇ? ಸಾರಿಗೆ ಉಪ್ಪೇ ಹಾಕ್ಲಿಲ್ಲ ಇವತ್ತು."

"ಏಳನೇ ಸಾಲಲ್ಲಿ ತಪ್ಪುಂಟಂತೆ," ಎಂದರು ಮಂಗಲಾ. ಶಾಂತಾರಾಮರು ಮತ್ತೇನೂ ಕೇಳದೆ ಎದ್ದುಹೋಗಿ ಉಪ್ಪಿನ ಡಬ್ಬ ತಂದುಕೊಂಡರು.

ನಾಲ್ಕನೆಯ ದಿನ ಬೆಳಗಿನ ಬ್ಯಾಚಿನಲ್ಲಿ ಗಂಗಾ ಕಿಟಕಿ ಪಕ್ಕದ ರೆಮಿಂಗ್ಟನ್‌ನಲ್ಲಿ ಒಂದು ಸರಕಾರಿ ಪತ್ರ ಅಭ್ಯಾಸ ಮಾಡುತ್ತಿದ್ದಳು. ಮಂಗಲಾ ಅವಳ ಹಿಂದೆ ನಿಂತಿದ್ದರು. ದಿನಾಂಕ ಬಂತು, ಹನ್ನೊಂದನೇ ತಾರೀಕು. ಗಂಗಾಳ ಬಲಗೈ ಉಂಗುರದ ಬೆರಳು ಎರಡು ಸಲ ಕೆಳಗಿಳಿಯಿತು. ಸರಿಯಾಗಿಯೇ ಇಳಿಯಿತು, ಟೀಚರ್ ಹೇಳಿಕೊಟ್ಟ ಹಾಗೆಯೇ.

ಮಂಗಲಾ ಆ ಬೆರಳನ್ನೇ ನೋಡುತ್ತ ನಿಂತುಬಿಟ್ಟರು. ಆ ಹಳೇ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಬೇರೆ ಕೀ ಇರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವನ್ನೇ ಒಂದು ಎಂದು ಹೊಡೆಯುವುದು. ಕಾಗದದ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರ ಬೆರಳು ಒಂದು ಎಂದರೆ ಅಲ್ಲಿಗೇ ಹೋಗುತ್ತಿತ್ತು, ಸರ್ವರಿನ ಕೀಬೋರ್ಡಿನ ಮೇಲೂ ಹೋಗಿತ್ತು. ಆ ಮಂಕು ಪರದೆಯ ಮೇಲೆ ಅವು ಒಂದರ ಹಾಗೇ ಕಂಡಿದ್ದವು. ಬಾಯಲ್ಲಿ ಒಂದು ಎಂದೇ ಓದಿದ್ದರು. ಆದರೆ ಮಷಿನ್ನಿಗೆ ಅದು ಅಂಕಿಯಲ್ಲ, ಅಕ್ಷರ.

"ತಪ್ಪಾತಾ ಟೀಚರ್?" ಎಂದಳು ಗಂಗಾ, ಬೆನ್ನು ನೆಟ್ಟಗೆ ಮಾಡುತ್ತ.

"ಇಲ್ಲ ಹುಡ್ಗಿ. ನೀನು ಸರಿ ಮಾಡಿದೆ."

ಬ್ಯಾಚು ಮುಗಿದ ಮೇಲೆ ಅವರು ಒಬ್ಬರೇ ಸರ್ವರಿನ ಮುಂದೆ ಕೂತು, ಮೊದಲ ಸಲ ಕೀಬೋರ್ಡು ನೋಡಿಕೊಂಡು, ಎಡಗೈ ಕಿರುಬೆರಳಿನಿಂದ ಎಲ್ಲ ಒಂದುಗಳನ್ನೂ ತಿದ್ದಿದರು. ಸರ್ವರ್ ಓದಿತು. ಈ ಸಲ ಏನೂ ಹೇಳಲಿಲ್ಲ. ಲಿನಕ್ಸ್ ಏನೂ ಹೇಳದಿದ್ದರೆ ಎಲ್ಲ ಸರಿಯಿದೆ ಎಂದರ್ಥ ಎಂದು ಯಾಹ್ಯಾ ಹೇಳಿದ್ದು ಶೀಘ್ರಲಿಪಿಯಲ್ಲಿ ಇತ್ತು.

ತಪ್ಪು ತಮ್ಮದೆಂದು ಯಾರಿಗೂ ಹೇಳದಿದ್ದರೂ ನಡೆಯುತ್ತಿತ್ತು. ಯಾಹ್ಯಾ ಸಿಡಿಯನ್ನು ಬೈದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಎರಡು ಗಂಟೆಗೆ ಅವನು ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ಮಂಗಲಾ ಹೇಳಿಬಿಟ್ಟರು. "ತಪ್ಪು ನಂದೇ ಯಾಹ್ಯಾಭಾಯಿ. ಮೂರು ದಿನ ನಿಮ್ಮನ್ನ ಸುಮ್ನೆ ಕುಣಿಸಿದೆ."

ವಿಷಯ ಕೇಳಿ ಯಾಹ್ಯಾ ನಗತೊಡಗಿದ. ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತ. ಮೊದಲು ಬಿಗಿಯಾಗಿದ್ದ ಮಂಗಲಾರಿಗೂ ನಗು ತಡೆಯಲಾಗಲಿಲ್ಲ.

ಇಬ್ಬರೂ ಎದ್ದು, ಯಾಹ್ಯಾ ತಯಾರಿಸಿ ತಂದಿದ್ದ ಫ್ಲಾಪಿಯೊಂದನ್ನು ಮೊದಲ ಮಷಿನ್ನಿಗೆ ಹಾಕಿದರು. ಕಾರ್ಡಿಗೆ ಕೂಗಲು ಕಲಿಸುವ ಸಣ್ಣ ಪ್ರೋಗ್ರಾಮು ಅದರಲ್ಲಿತ್ತು. ಸ್ವಿಚ್ ಒತ್ತಿದರು. ಪರದೆಯ ಮೇಲೆ ಚುಕ್ಕೆ ಮೂಡಿತು, ಇನ್ನೊಂದು ಚುಕ್ಕೆ, ಮತ್ತೊಂದು. ಕೂಗುತ್ತಲೇ ಇತ್ತು. ಉತ್ತರ ಬರಲಿಲ್ಲ. ಇಬ್ಬರ ನಗುವೂ ನಿಂತಿತು. ಯಾಹ್ಯಾ ಮೊಣಕಾಲೂರಿ ಕೇಬಲಿನ ತುದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಟೀಚರ್, ಇದು ನಂದು," ಎಂದ. "ನಿನ್ನೆ ಸಿಟ್ಟಲ್ಲಿ ತುದಿ ಹಾಕುವಾಗ ಹಸಿರು ತಂತಿ ನೀಲಿ ಜಾಗಕ್ಕೆ ಹೋಗಿದೆ."

"ಹಾಗಾದ್ರೆ ಸರಿಸಮ ಆತು," ಎಂದರು ಮಂಗಲಾ.

ಹೊಸ ತುದಿ ಕಚ್ಚಿಸಿ ಮತ್ತೆ ಒತ್ತಿದರು. ಒಂದೇ ಚುಕ್ಕೆ. ಆಮೇಲೆ ವಿಳಾಸ ಬಂತು, ಫೈಲಿನ ಹೆಸರು ಬಂತು, ಬಿಳಿ ಅಕ್ಷರಗಳು ಮಳೆಹುಳುಗಳ ಹಾಗೆ ಮೇಲೇರಿದವು. ಪರದೆ ಒಮ್ಮೆ ಕಪ್ಪಾಗಿ, ಬೂದಿಬಣ್ಣವಾಗಿ, ನಡುವೆ ಒಂದು ಚೌಕ ತೆರೆದು ಹೆಸರು ಕೇಳಿತು. ಮಂಗಲಾ ತಮ್ಮ ಹೆಸರು ಬರೆದರು. ಹೊಟ್ಟೆಯಲ್ಲಿ ಏನೂ ಇಲ್ಲದ ಆ ಡಬ್ಬಿ, ಕೋಣೆಯ ಮೂಲೆಯಿಂದ ತನ್ನದೆಲ್ಲವನ್ನೂ ಪಡೆದು ಎದ್ದು ಕೂತಿತ್ತು.

ಹೊನ್ನಾವರದ ಬಸ್ಸಿಳಿದು ಶಾಂತಾರಾಮರು ಸಂಜೆ ಮೇಲೆ ಬಂದಾಗ ಮೂರು ಮಷಿನ್ ಎದ್ದಿದ್ದವು. ಅವರು ಕೊಡೆ ಮಡಚಿ ಹಿಡಿದುಕೊಂಡೇ ಒಂದೊಂದನ್ನೂ ನೋಡುತ್ತ ಹೋದರು. "ಒಳಗೆ ಎಂತದೂ ಇಲ್ದೇ ನಡೀತದಾ ಇದು? ಅಂಥಾ ಆಫೀಸರನ್ನ ಕಂಡಿದ್ದೆ, ಮಷಿನ್ ಕಂಡಿರ್ಲಿಲ್ಲ," ಎಂದರು. ಯಾಹ್ಯಾನಿಗೆ ಕೈಕೊಟ್ಟು, ಕೆಳಗಿನಿಂದ ಚಾ ತರಿಸಿದರು.

ಎಂಟು ಕಾರ್ಡುಗಳ ನಂಬರನ್ನೂ ಮಂಗಲಾ ಹಾಜರಿ ಪುಸ್ತಕದಲ್ಲಿ ಬರೆದಿಟ್ಟರು. ಸರ್ವರಿನ ಪಟ್ಟಿಯಲ್ಲಿ ಪ್ರತಿ ಮಷಿನ್ನಿಗೂ ಒಂದು ಹೆಸರು ಬೇಕಿತ್ತು. ಹುಡುಗಿಯರು ಬರುವ ಊರುಗಳ ಹೆಸರನ್ನೇ ಕೊಟ್ಟರು: ಮುಟ್ಟಳ್ಳಿ, ಜಾಲಿ, ತೆಂಗಿನಗುಂಡಿ, ಶಿರಾಲಿ, ಬೈಲೂರು, ಬೇಂಗ್ರೆ, ಹಾಡುವಳ್ಳಿ, ಮುರ್ಡೇಶ್ವರ. "ಟೀಚರ್, ಶಿರಾಲಿ ಏಳ್ಲೇ ಇಲ್ಲ", "ಜಾಲಿ ಇವತ್ತು ನಿಧಾನ" ಎಂಬ ಮಾತುಗಳು ಕೇಳಿ ಮೆಟ್ಟಿಲ ಬುಡದಲ್ಲಿ ನಿಂತವರು ಗಲಿಬಿಲಿಯಾಗುತ್ತಿದ್ದರು. ಗಂಗಾ ಮೊದಲ ದಿನ ತೆಂಗಿನಗುಂಡಿಯ ಮುಂದೆಯೇ ಕೂರುತ್ತೇನೆಂದು ಹಟ ಮಾಡಿದಳು. ಬಾಗಿಲಿನ ಕಾಗದ ಡ್ರಾಯರಿನಿಂದ ಹೊರಬಂತು. ಮಡಿಕೆ ಬಿದ್ದಿತ್ತೆಂದು ಮಂಗಲಾ ಹೊಸದನ್ನು ಹಾಕಿದರು.

ಮೊದಲ ಮಳೆಗಾಲದಲ್ಲೇ ಫ್ಲಾಪಿಗಳಿಗೆ ಬೂಷ್ಟು ಬಂತು. ಬೆಳಿಗ್ಗೆ ಹಾಕಿದರೆ ಕರಕರ ಅನ್ನುತ್ತಿದ್ದವು, ಮಷಿನ್ ಏಳುತ್ತಿರಲಿಲ್ಲ. ಮಂಗಲಾ ಅವನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು ನೋಡಿದರು, ಬಲ್ಬಿನ ಕೆಳಗಿಟ್ಟು ನೋಡಿದರು. ಕಡೆಗೆ ಯಾಹ್ಯಾ, ಕಾರ್ಡಿನ ಮೇಲೆ ಚಿಪ್ ಒಂದನ್ನು ಕೂರಿಸಲು ಖಾಲಿ ಜಾಗವಿರುವುದನ್ನು ತೋರಿಸಿದ. ಅದೇ ಪ್ರೋಗ್ರಾಮನ್ನು ಮುಂಬೈಯಲ್ಲಿದ್ದ ಗೆಳೆಯನಿಂದ ಚಿಪ್ಪುಗಳಿಗೆ ಹಾಕಿಸಿ ಅಂಚೆಯಲ್ಲಿ ತರಿಸಿದ. ಒಂದೊಂದು ಚಿಪ್ಪನ್ನೂ ಕೂರಿಸುವಾಗ ಮಂಗಲಾ ಪಕ್ಕದಲ್ಲೇ ನಿಂತು ಕೈಬ್ಯಾಟರಿ ಹಿಡಿದರು. ನಾಲ್ಕನೆಯದರಿಂದ ಮುಂದೆ ಅವರು ಕೂರಿಸಿದರು, ಅವನು ಬ್ಯಾಟರಿ ಹಿಡಿದ. ಅಲ್ಲಿಂದ ಮುಂದೆ ಸ್ವಿಚ್ ಒತ್ತಿದರೆ ಸಾಕಾಯಿತು.

ಯಾಹ್ಯಾನ ತಂದೆ ೨೦೦೫ರಲ್ಲಿ ತೀರಿಕೊಂಡರು. ಮಂಗಲಾ ಮತ್ತು ಶಾಂತಾರಾಮ ಜಾಲಿಗೆ ಹೋಗಿ ಅವನ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಬಂದರು. ಎರಡು ತಿಂಗಳ ಮೇಲೆ ಅವನು ಬಯೊಡೇಟಾ ಟೈಪು ಮಾಡಿಸಲು ಬಂದ. ಶಾರ್ಜಾಕ್ಕೆ ತಿರುಗಿ ಹೋಗುವವನಿದ್ದ. ಮಂಗಲಾ ಅವನು ಹೇಳದಿದ್ದರೂ ಒಂದು ಸಾಲು ಸೇರಿಸಿದರು: ಡಿಸ್ಕಿಲ್ಲದ ಎಂಟು ಮಷಿನ್‌ಗಳನ್ನು ಸರ್ವರಿನಿಂದ ನಡೆಯುವಂತೆ ಮಾಡಿದ ಅನುಭವ. ಯಾಹ್ಯಾ ಓದಿ ತಲೆಯಾಡಿಸಿದ.

"ಮಂಗಲಾ ನಾಯ್ಕರ ಸಂಗಡ ಹೇಳಿ ಹಾಕಿ."

"ಬಯೊಡೇಟಾದಲ್ಲಿ ಹಾಗೆ ಯಾರೂ ಹಾಕೂದಿಲ್ಲ ಯಾಹ್ಯಾಭಾಯಿ."

"ಹಾಕಿ ಟೀಚರ್. ಇಲ್ದಿದ್ರೆ ಸುಳ್ಳಾಗ್ತದೆ."

ಹಾಕಿದರು. ಅವನು ಹೋಗುವ ಮುನ್ನ, ಕೇಬಲಿನ ತುದಿ ಕಚ್ಚಿಸುವ ತನ್ನ ಇಕ್ಕಳವನ್ನು ಮೇಜಿನ ಮೇಲಿಟ್ಟು, ಇದನ್ನು ವಿಮಾನದಲ್ಲಿ ಬಿಡುವುದಿಲ್ಲ ಎಂದ. ಸಾಮಾನಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿದರೆ ಬಿಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಮರುವರ್ಷ ಜೂನ್ ಎರಡನೇ ವಾರ, ಬೆಳಗಿನ ಬ್ಯಾಚು ನಡೆಯುತ್ತಿರುವಾಗಲೇ ಸಿಡಿಲು ಬಡಿಯಿತು. ಎಂಟೂ ಪರದೆಗಳು ಒಟ್ಟಿಗೇ ನಿಂತವು. ಸರ್ವರಿನಿಂದ ಸುಟ್ಟ ವಾಸನೆ ಬಂತು. ಅದರ ಡಿಸ್ಕ್ ಹೋಗಿತ್ತು, ಅದರೊಂದಿಗೆ ಎಂಟೂ ಮಷಿನ್ನಿನ ಜೀವವೂ. ಶಾರ್ಜಾಕ್ಕೆ ಫೋನು ಮಾಡಿದರೆ ಯಾಹ್ಯಾ ಬಂದರಿನ ಕಡೆ ಹೋಗಿದ್ದಾನೆ, ವಾರ ಬಿಟ್ಟು ಬರುತ್ತಾನೆ ಎಂದರು ಆಫೀಸಿನವರು. ಹುಡುಗಿಯರ ಕಂಪ್ಯೂಟರ್ ಪರೀಕ್ಷೆಗೆ ಉಳಿದದ್ದು ಹತ್ತೇ ದಿನ.

ಮಂಗಲಾ ಆ ದಿನ ಅಡುಗೆಗೆ ಮನೆಗೆ ಹೋಗಲಿಲ್ಲ. ರಿಪೇರಿಯವನಿಂದ ಹೊಸ ಡಿಸ್ಕ್, ಹೊಸ ಪವರ್ ಸಪ್ಲೈ ಹಾಕಿಸಿಕೊಂಡು, ಕಪಾಟಿನಿಂದ ಯಾಹ್ಯಾ ಬಿಟ್ಟುಹೋಗಿದ್ದ ಸಿಡಿ, ನಲವತ್ತಾರು ಪುಟದ ಕೈಪಿಡಿ ಮತ್ತು ಮೂರು ಶೀಘ್ರಲಿಪಿ ಪುಸ್ತಕ ತೆಗೆದರು. ಪುಟ ತಿರುಗಿಸುತ್ತ ಹೋದಂತೆ ಯಾಹ್ಯಾ ಎದುರಿಗೆ ಕೂತು ಮಾತಾಡಿದ ಹಾಗಿತ್ತು. 'ಈಗ ಸಿಡಿ ಹಾಕಿ, ಇಲ್ಲಿ ಎರಡನೇದು ಆರಿಸಿ.' 'ಯಾ ಅಲ್ಲಾ, ಈ ಕಾರ್ಡು ಸತ್ತಿದೆ.' 'ನಿಲ್ಲಿ ಟೀಚರ್, ಮನೆಯಿಂದ ಫೋನು.' 'ಫೈಲು ಇಟ್ಟ ಜಾಗವನ್ನ ಎಲ್ಲರೂ ಓದೋ ಹಾಗೆ ಬಿಡಿ, ಇಲ್ದಿದ್ರೆ ಮಷಿನ್ ವಿಳಾಸ ತೆಗೊಂಡು ಅಲ್ಲೇ ನಿಲ್ತದೆ.' ಎಲ್ಲವನ್ನೂ ಬರೆದಿದ್ದರು, ಒಂದನ್ನೂ ಬಿಟ್ಟಿರಲಿಲ್ಲ. ಮೊದಲ ದಿನ ಮಷಿನ್‌ಗಳು ವಿಳಾಸ ತೆಗೆದುಕೊಂಡು ಅಲ್ಲೇ ನಿಂತವು. ಆ ಕೊನೆಯ ಮಾತನ್ನು ಅವರು ಓದಿಯೂ ಮಾಡಲು ಮರೆತಿದ್ದರು. ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಮೊದಲು ಬೈಲೂರು ಎದ್ದಿತು, ಆಮೇಲೆ ಒಂದೊಂದಾಗಿ ಉಳಿದ ಏಳೂ. ಶಾಂತಾರಾಮರು ರಜೆ ಹಾಕಿ ಮಾಡಿ ತಂದಿದ್ದ ಅನ್ನ ಸಾರು ಡಬ್ಬಿಯಲ್ಲಿ ತಣ್ಣಗಾಗಿತ್ತು. ಮಂಗಲಾ ಅದನ್ನು ಸರ್ವರಿನ ಎದುರಿಗೇ ಕೂತು ಉಂಡರು.

ವಾರದ ಮೇಲೆ ಯಾಹ್ಯಾ ಗಾಬರಿಯಿಂದ ಫೋನು ಮಾಡಿದ. "ಎಂತ ಆತು ಟೀಚರ್?"

"ಎಂತದೂ ಇಲ್ಲ. ಆರಾಮಿದ್ದೀರಾ ಕೇಳುವಾ ಹೇಳಿ ಮಾಡಿದ್ದೆ," ಎಂದರು ಮಂಗಲಾ. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದರು. "ಸುಬ್‌ಹಾನಲ್ಲಾ," ಎಂದ ಯಾಹ್ಯಾ ಆ ಕಡೆಯಿಂದ.

೨೦೦೮ರಲ್ಲಿ ನಿತ್ಯಾನಂದ ಮತ್ತೆ ಫೋನು ಮಾಡಿದ. ಕುಮಟಾದ ಹತ್ತಿರದ ಒಂದು ಹೈಸ್ಕೂಲಿಗೆ ಯಾರೋ ಹನ್ನೆರಡು ಹಳೇ ಮಷಿನ್ ಕೊಟ್ಟಿದ್ದರು, ಅವಕ್ಕೂ ಡಿಸ್ಕ್ ಇರಲಿಲ್ಲ. ಮಂಗಲಾರಿಗೆ ಆಗ ಐವತ್ತೊಂದು. ಭುಜದ ಚೀಲದಲ್ಲಿ ಯಾಹ್ಯಾನ ಇಕ್ಕಳ, ಕೈಪಿಡಿ, ಸಿಡಿ, ಒಂದು ಸುತ್ತು ಕೇಬಲು, ನೀರಿನ ಬಾಟಲಿ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದರು. ಶರಾವತಿ ಸೇತುವೆ ದಾಟುವಾಗ ಕಿಟಕಿಯ ಬದಿಗೆ ಸರಿದು, ಹೊಳೆ ತುಂಬಿ ಹರಿಯುವುದನ್ನು ನೋಡಿದರು. ಇಷ್ಟು ದೂರ ಒಬ್ಬರೇ ಕೆಲಸಕ್ಕೆಂದು ಹೋಗುತ್ತಿರುವುದು ಅದೇ ಮೊದಲು ಎಂದು ಆಗ ಹೊಳೆಯಿತು.

ಹೆಡ್ಮಾಸ್ತರರು ಅವರನ್ನು ಕೂರಿಸಿ, ಎಳನೀರು ಕೊಡಿಸಿ, ಗಡಿಯಾರ ನೋಡಿಕೊಂಡರು. "ಇಂಜಿನಿಯರು ಎಷ್ಟು ಹೊತ್ತಿಗೆ ಬರ್ತ್ರು ಅಕ್ಕೋರೇ?"

"ಬಂದಾತು," ಎಂದರು ಮಂಗಲಾ. "ಮಷಿನ್ ಎಲ್ಲಿದಾವೆ ತೋರ್ಸಿ."

ಹೆಡ್ಮಾಸ್ತರರು ಅವರನ್ನು ಒಂದು ಸಲ, ಚೀಲವನ್ನು ಒಂದು ಸಲ ನೋಡಿ ಎದ್ದರು. ಪ್ರಯೋಗಶಾಲೆಯ ಬಾಗಿಲು ತೆಗೆದರೆ ಮಷಿನ್‌ಗಳು ನೆಲದ ಮೇಲೆ ಸಾಲಾಗಿ ಕೂತಿದ್ದವು. ಮಂಗಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲನೆಯದನ್ನು ತಿರುಗಿಸಿ ಹಿಂಬದಿ ನೋಡಿದರು. ಕಾರ್ಡು ಇತ್ತು.

"ನಿಮ್ಮ ಆಫೀಸಲ್ಲಿ ಟೈಪಿಂಗ್ ಚಲೋ ಬರೂದು ಯಾರಿಗೆ?"

"ಪರಮೇಶ್ವರಿಗೆ. ನಮ್ಮ ಕ್ಲಾರ್ಕು. ಬರ್ಲಿಕ್ಕೆ ಹೇಳ್ಲಾ?"

"ಬರ್ಲಿ. ಒಂದು ಪುಸ್ತಕ, ಪೆನ್ನು ತರ್ಲಿ. ನಾ ಹೇಳಿದ್ದೆಲ್ಲ ಬರ್ಕೊಳ್ಳೂಕೆ ಹೇಳಿ."

ಪರಮೇಶ್ವರಿ ಮೂವತ್ತರ ಹೆಂಗಸು, ಕೈಗೆ ಅಂಟಿದ್ದ ಇಂಕನ್ನು ಒರೆಸಿಕೊಳ್ಳುತ್ತ ಬಂದಳು. ಅವಳು ಕುರ್ಚಿ ಹುಡುಕುತ್ತಿದ್ದಾಗ ಮಂಗಲಾ ಆಗಲೇ ನೆಲದ ಮೇಲೆ ಕೂತು ಎರಡನೆಯ ಮಷಿನ್ನಿನ ಸ್ಕ್ರೂ ಬಿಚ್ಚುತ್ತಿದ್ದರು. ಅವಳೂ ಪಕ್ಕದಲ್ಲಿ ಕೂತು ಪುಸ್ತಕ ತೆರೆದಳು.